ಬೆಕ್ಕು ಕುಣಿಯುತ್ತಿದೆ ಸರಿ, ಮಕ್ಕಳು ಕಲಿಯುತ್ತಿದ್ದಾರಾ?

ಕೊನೆ ಬೆಂಚಿನ ಟೀಚರ್

ನಾನು ಪ್ರೈಮರಿ ಟೀಚರ್. ಓದಿದ್ದು ಭಾಷೆ, ಕಂಪ್ಯೂಟರ್ ಅಲ್ಲ. ಈ ವರ್ಷ 3 ಮತ್ತು 4ನೇ ತರಗತಿಗೆ ವಾರಕ್ಕೊಂದು ಕೋಡಿಂಗ್ ಪೀರಿಯಡ್ ನನ್ನ ತಲೆಗೆ ಕಟ್ಟಿದ್ದಾರೆ. "ನಿಮಗೆ ತಾಳ್ಮೆ ಜಾಸ್ತಿ" ಅನ್ನುವುದೊಂದೇ ನನ್ನ ಅರ್ಹತೆ. 22 ಮಕ್ಕಳು, 11 ಕಂಪ್ಯೂಟರ್, 40 ನಿಮಿಷ. ಸ್ಕ್ರ್ಯಾಚ್ ಬಳಸುತ್ತೇವೆ. ಬಣ್ಣದ ಬ್ಲಾಕ್‌ಗಳನ್ನು ಎಳೆದು ಒಂದಕ್ಕೊಂದು ಅಂಟಿಸಿ, ಹಸಿರು ಬಾವುಟ ಒತ್ತಿ ಪರದೆ ಮೇಲಿನ ಬೆಕ್ಕನ್ನು ಆಡಿಸುವ ಮಕ್ಕಳ ಕೋಡಿಂಗ್ ಸಾಫ್ಟ್‌ವೇರ್ ಅದು.

ಮಕ್ಕಳಿಗೆ ಖುಷಿಯೋ ಖುಷಿ. ಗಂಟೆ ಹೊಡೆದರೂ ಏಳುವುದಿಲ್ಲ. ಆದರೆ ಎಂಟು ವಾರ ಕಳೆದ ಮೇಲೆ ನನಗೆ ಅನುಮಾನ ಶುರುವಾಗಿದೆ. ಕೆಲವರು ಪೀರಿಯಡ್ ಪೂರ್ತಿ ಬೆಕ್ಕಿಗೆ ಬಣ್ಣ ಬಳಿಯುತ್ತಾ ಕೂರುತ್ತಾರೆ. ಒಬ್ಬನಂತೂ ಮೂರು ವಾರದಿಂದ ಅದನ್ನು ಬಿಟ್ಟು ಬೇರೆ ಏನೂ ಮಾಡಿಲ್ಲ. ಉಳಿದವರು ಕೈಗೆ ಸಿಕ್ಕ ಬ್ಲಾಕ್ ಎಳೆದು ಅಂಟಿಸಿ ಹಸಿರು ಬಾವುಟ ಒತ್ತುತ್ತಾರೆ. ಏನೋ ಒಂದು ಆಗುತ್ತದೆ, ನಗುತ್ತಾರೆ. "ಯಾಕೆ ಹಾಗಾಯಿತು?" ಎಂದರೆ ನನ್ನ ಮುಖ ನೋಡುತ್ತಾರೆ. ಒಬ್ಬಳು ವಿಡಿಯೊ ನೋಡಿಕೊಂಡು ಇಡೀ ಚೆಂಡಾಟ ಕಟ್ಟಿದ್ದಳು. ಚೆಂಡನ್ನು ಸ್ವಲ್ಪ ನಿಧಾನ ಮಾಡು ಎಂದೆ. ಯಾವ ಬ್ಲಾಕ್ ಮುಟ್ಟಬೇಕು ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ.

ಇದು ಕಲಿಕೆಯಾ, ಇಲ್ಲ ಕರೆಂಟು ತಿನ್ನುವ ಬಣ್ಣದ ಪುಸ್ತಕವಾ? ಮಕ್ಕಳ ಪಕ್ಕ ಕೂತು ಮಾಡಿಸಿದವರು ಹೇಳಿ. ಪಾಠದ ಪಿಡಿಎಫ್ ಮಾತ್ರ ಕಳಿಸಬೇಡಿ, ದಯವಿಟ್ಟು. ನನ್ನ ಹತ್ತಿರ ರಾಶಿ ಬಿದ್ದಿವೆ.

ಎಂಟು ಬಿಟ್

ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ಬಣ್ಣದ ಪುಸ್ತಕವೇ. ಹದಿನೈದು ವರ್ಷದಿಂದ ಕೋಡ್ ಬರೆದೇ ಹೊಟ್ಟೆ ಹೊರೆಯುತ್ತಿದ್ದೇನೆ. ಮೊದಲ ಸಲ ಕಂಪ್ಯೂಟರ್ ಮುಟ್ಟಿದ್ದು ಕಾಲೇಜಿನಲ್ಲಿ. ಏನೂ ನಷ್ಟ ಆಗಲಿಲ್ಲ. ಎಂಟು ವರ್ಷದ ಮಗುವಿಗೆ ಮಗ್ಗಿ ಬರಲಿ, ಒಂದು ಪುಟ ತಡವರಿಸದೆ ಓದಲಿ, ಸಂಜೆ ಮೈಯೆಲ್ಲ ಮಣ್ಣಾಗುವ ಹಾಗೆ ಆಡಲಿ. ಕೋಡಿಂಗ್ ಎಲ್ಲಿಗೂ ಓಡಿ ಹೋಗುವುದಿಲ್ಲ.

ಪುಟ್ಟಿ ಅಮ್ಮ

ಮಕ್ಕಳಿಗೆ ಈಜು ಕಲಿಸುವುದು ಒಲಿಂಪಿಕ್ಸ್‌ಗೆ ಕಳಿಸಲಿಕ್ಕಾ ಸರ್?

ಹಸಿರು ಬಾವುಟ

ಟೀಚರ್, ಆರು ವರ್ಷದಿಂದ ಶನಿವಾರ ಮಕ್ಕಳಿಗೆ ಇದನ್ನೇ ಹೇಳಿಕೊಡುತ್ತಿದ್ದೇನೆ. ನಿಮ್ಮದು ಒಂದು ದೂರಲ್ಲ, ಎರಡು. ಬಣ್ಣ ಬಳಿಯುವವರ ಬಗ್ಗೆ ಸದ್ಯಕ್ಕೆ ಚಿಂತೆ ಬಿಡಿ. ಸಿಕ್ಕಿದ್ದನ್ನು ಅಂಟಿಸುವವರ ಬಗ್ಗೆ ಚಿಂತೆ ಮಾಡಿ.

ಒಂದು ಸಣ್ಣ ಗುರುತು ಹೇಳುತ್ತೇನೆ. ಸ್ಕ್ರ್ಯಾಚ್‌ನಲ್ಲಿ ಹೊಸದಾಗಿ ಎಳೆದ ಬ್ಲಾಕ್‌ಗಳಲ್ಲಿ ಸಂಖ್ಯೆ ಮೊದಲೇ ತುಂಬಿರುತ್ತದೆ. 10 ಹೆಜ್ಜೆ ಹೋಗು, 15 ಡಿಗ್ರಿ ತಿರುಗು, 10 ಸಲ ಮಾಡು, 2 ಸೆಕೆಂಡು ಹೇಳು. ಮಗುವಿನ ಪರದೆ ಮೇಲೆ ಎಲ್ಲ ಕಡೆ ಇವೇ 10, 15, 10 ಇದ್ದರೆ ಅದು ಇನ್ನೂ ಯೋಚನೆಗೆ ಇಳಿದಿಲ್ಲ. 10 ಹೋಗಿ 7 ಬಂತು, ಮತ್ತೆ 7 ಹೋಗಿ 4 ಬಂತು ಅಂದರೆ ತಲೆಯೊಳಗೆ ಏನೋ ನಡೆಯುತ್ತಿದೆ. ನಾನು ಮಕ್ಕಳ ಹಿಂದೆ ಓಡಾಡುವಾಗ ಮೊದಲು ನೋಡುವುದೇ ಆ ಬಿಳಿ ಖಾನೆಗಳನ್ನು.

ನಿಮ್ಮ ಚೆಂಡಿನ ಹುಡುಗಿಗೆ ಕೇಳಬೇಕಾದದ್ದೂ ಅಲ್ಲೇ ಇದೆ. ಯಾವಾಗಲೂ ಸುತ್ತುವ ಲೂಪ್, ಅಂದರೆ ತನ್ನ ಒಳಗಿನ ಬ್ಲಾಕ್‌ಗಳನ್ನು ಮತ್ತೆ ಮತ್ತೆ ಮಾಡಿಸುವ ಬ್ಲಾಕ್, ಸೆಕೆಂಡಿಗೆ ಸುಮಾರು 30 ಸಲ ಸುತ್ತುತ್ತದೆ. ಒಳಗೆ "10 ಹೆಜ್ಜೆ" ಇದ್ದರೆ ಸೆಕೆಂಡಿಗೆ 300 ಹೆಜ್ಜೆ ಆಯಿತು. ಚೆಂಡು ಓಡಾಡುವ ಸ್ಟೇಜ್ ಅಗಲ ಇರುವುದೇ 480 ಹೆಜ್ಜೆ. ಇನ್ನು ಚೆಂಡು ಕೈಗೆ ಹೇಗೆ ಸಿಗುತ್ತದೆ? ಈ ಲೆಕ್ಕವನ್ನು ಬೋರ್ಡಿನ ಮೇಲೆ ಒಮ್ಮೆ ಮಾಡಿಸಿ, ಮಗ್ಗಿಯ ಕೆಲಸವೂ ಆಗುತ್ತದೆ. ಎಂಟು ಬಿಟ್ ಅವರಿಗೂ ಸಮಾಧಾನ.

ಅಜ್ಜನ ಮೌಸ್

ಇದೇ ಜಗಳವನ್ನು ನಾವು ಲೋಗೋ ಕಾಲದಲ್ಲೇ ಆಡಿ ಮುಗಿಸಿದ್ದೆವು ಅಂದುಕೊಂಡಿದ್ದೆ. ಲೋಗೋ ಎಂದರೆ ಮಕ್ಕಳಿಗಾಗಿ ಮಾಡಿದ ಕೋಡಿಂಗ್ ಭಾಷೆ, ಹುಟ್ಟಿದ್ದು 1967ರಲ್ಲಿ. ಫಾಯರ್‌ಜೈಗ್, ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸೊಲೊಮನ್, ಮೂವರ ಕೆಲಸ. ಆಮೇಲೆ ಅದಕ್ಕೊಂದು ಆಮೆ ಬಂತು, ನೆಲದ ಮೇಲೆ ತೆವಳಿಕೊಂಡು ಪೆನ್ನಿನಲ್ಲಿ ಗೆರೆ ಎಳೆಯುವ ರೋಬಾಟ್. ಪ್ಯಾಪರ್ಟ್ ಅದಕ್ಕೆ ಮುಂಚೆ ಜಿನೀವಾದಲ್ಲಿ, ಮಕ್ಕಳು ಹೇಗೆ ಯೋಚಿಸುತ್ತಾರೆ ಎಂದು ಅಧ್ಯಯನ ಮಾಡಿದ ಪಿಯಾಜೆ ಜೊತೆ ಇದ್ದವರು. ಮಗು ತನ್ನ ಮೈಯನ್ನೇ ಆಮೆಯ ಜಾಗದಲ್ಲಿಟ್ಟು ಯೋಚಿಸುತ್ತದೆ ಅನ್ನುವುದು ಅವರ ನಂಬಿಕೆ.

ಅದು ನಿಜ. ನಾನು ಹೇಳಿಕೊಡುವಾಗ ಮಕ್ಕಳು ಕುರ್ಚಿಯಲ್ಲಿ ಕೂತಲ್ಲೇ ಭುಜ ತಿರುಗಿಸಿ ಎಡವಾ ಬಲವಾ ಎಂದು ನೋಡುತ್ತಿದ್ದರು. ಈಗಿನ ಟ್ಯಾಬ್ ಮಕ್ಕಳ ಭುಜ ಅಲ್ಲಾಡುವುದನ್ನೇ ನೋಡಿಲ್ಲ, ಬರೀ ಬೆರಳು.

ಎಂಟು ಬಿಟ್

ಅಜ್ಜನವರೇ, ಲೋಗೋ ಕಥೆಯ ಎರಡನೇ ಅರ್ಧವನ್ನೂ ಹೇಳಿ. 1984ರಲ್ಲಿ ರಾಯ್ ಪೀ ಮತ್ತು ಮಿಡಿಯನ್ ಕರ್ಲಂಡ್ ಎಂಬ ಸಂಶೋಧಕರು ಪರೀಕ್ಷೆ ಮಾಡಿ ಬರೆದರಲ್ಲ. ಲೋಗೋ ಕಲಿತ ಮಕ್ಕಳು ಬೇರೆ ಕೆಲಸದಲ್ಲಿ ಮುಂದಾಲೋಚನೆ ಮಾಡಿ ಯೋಜನೆ ಹಾಕುತ್ತಾರಾ ಎಂದು ನೋಡಿದರು. ಕಲಿಯದ ಮಕ್ಕಳಿಗಿಂತ ಏನೂ ಮುಂದಿರಲಿಲ್ಲ. "ಕೋಡಿಂಗ್ ಕಲಿತರೆ ಬುದ್ಧಿ ಚುರುಕಾಗುತ್ತದೆ" ಅನ್ನುವ ಜಾಹೀರಾತು ಆಗಲೇ ಬಿದ್ದು ಹೋಯಿತು. ನಲವತ್ತು ವರ್ಷ ಆದರೂ ಅದೇ ಮಾತನ್ನು ಮಾರುತ್ತಿದ್ದಾರೆ.

ಎರಡು ಕುರ್ಚಿ

ಆ ಮಾತು ಜಾಹೀರಾತು ಅನ್ನುವುದು ನನಗೂ ಒಪ್ಪಿಗೆ. ಆದರೆ ಆ ಅಧ್ಯಯನದಲ್ಲಿ ಮಕ್ಕಳನ್ನು ಹೆಚ್ಚುಕಡಿಮೆ ಅವರ ಪಾಡಿಗೆ ಬಿಟ್ಟಿದ್ದರು, ತಾವೇ ಕಂಡುಕೊಳ್ಳಲಿ ಎಂದು. ಸುಮ್ನೆ ಬಿಟ್ಟರೆ ಏನೂ ತಾನಾಗಿ ಬರುವುದಿಲ್ಲ ಅನ್ನುವುದು ಅದರಲ್ಲಿ ಕಂಡದ್ದು. ಟೀಚರ್ ಹೇಳುತ್ತಿರುವುದೂ ಅದೇ ಅಲ್ವಾ?

ನಾನು ಪ್ರತಿ ವಾರ ತಪ್ಪದೆ ಮಾಡುವುದು ಒಂದೇ. ಬಾವುಟ ಒತ್ತುವ ಮುಂಚೆ ಏನಾಗುತ್ತದೆ ಎಂದು ಬಾಯಿಬಿಟ್ಟು ಹೇಳಬೇಕು. ಹೇಳದೆ ಒತ್ತುವ ಹಾಗಿಲ್ಲ. ತಪ್ಪಾದರೆ ಶಿಕ್ಷೆ ಇಲ್ಲ, ಬದಲಿಗೆ "ಎಲ್ಲಿ ಬೇರೆ ಆಯಿತು?" ಎಂದು ಹುಡುಕಬೇಕು. ಮೊದಲ ಎರಡು ವಾರ ಗೊಣಗುತ್ತಾರೆ. ಮೂರನೇ ವಾರ ತಾವೇ ಪಂದ್ಯ ಕಟ್ಟುತ್ತಾರೆ.

22 ಮಕ್ಕಳಿಗೆ 11 ಕಂಪ್ಯೂಟರ್ ಕೊರತೆ ಅಂದುಕೊಳ್ಳಬೇಡಿ, ಅದೃಷ್ಟ ಅದು. ಒಬ್ಬರ ಕೈಯಲ್ಲಿ ಮೌಸ್, ಯಾವ ಬ್ಲಾಕ್ ಅನ್ನುವುದು ಪಕ್ಕದವರ ಬಾಯಲ್ಲಿ. ಏಳು ನಿಮಿಷಕ್ಕೊಮ್ಮೆ ಜಾಗ ಬದಲು. ಮೌಸ್ ಹಿಡಿದವರು ತಮಗೆ ಗೊತ್ತಿದ್ದರೂ ಪಕ್ಕದವರು ಹೇಳಿದ್ದನ್ನೇ ಹಾಕಬೇಕು. ಗಲಾಟೆ ಆಗುತ್ತದೆ, ಆಗಲಿ. "ಅದಲ್ಲ, ಅದರ ಒಳಗೆ ಹಾಕು" ಅನ್ನುವ ಜಗಳದಲ್ಲೇ ಪಾಠ ನಡೆಯುತ್ತಿರುತ್ತದೆ.

ಇನ್ನೊಂದು. ಖಾಲಿ ಪರದೆ ಕೊಡಬೇಡಿ, ಕೆಟ್ಟ ಪ್ರೋಗ್ರಾಂ ಕೊಡಿ. ಓಡುವ ಒಂದು ಆಟ ತೆಗೆದುಕೊಂಡು ಶುರುವಿನಲ್ಲಿ ಅಂಕವನ್ನು 0 ಮಾಡುವ ಬ್ಲಾಕ್ ಕಿತ್ತು ಕೊಡಿ. ಎರಡನೇ ಸಲ ಆಡಿದಾಗ ಅಂಕ 14ರಿಂದಲೇ ಶುರುವಾಗುತ್ತದೆ. "ಯಾರೋ ಮೋಸ ಮಾಡಿದ್ದಾರೆ" ಎಂದು ಇಡೀ ಕ್ಲಾಸು ಪತ್ತೇದಾರಿಕೆಗೆ ಇಳಿಯುತ್ತದೆ.

ಬರೀ ಓದುಗ

ಸ್ಕ್ರ್ಯಾಚ್ ಗೂಗಲ್‌ನದ್ದಲ್ವಾ? ಮಕ್ಕಳ ಮಾಹಿತಿ ಎಲ್ಲ ಅಲ್ಲಿಗೆ ಹೋಗುತ್ತದಾ?

ಹಸಿರು ಬಾವುಟ

ಅಲ್ಲ. ಸ್ಕ್ರ್ಯಾಚ್ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಮಾಡಿದ್ದು. 2007ರಲ್ಲಿ ಎಲ್ಲರಿಗೂ ಸಿಕ್ಕಿತು. ಗೂಗಲ್‌ನದ್ದು ಬ್ಲಾಕ್ಲಿ, ಇಂಥ ಬ್ಲಾಕ್‌ಗಳನ್ನು ಕಟ್ಟಲು ಬಳಸುವ ಸಾಧನ, 2012ರದ್ದು. 2019ರ ಜನವರಿಯಲ್ಲಿ ಬಂದ ಸ್ಕ್ರ್ಯಾಚ್ 3ರ ಬ್ಲಾಕ್‌ಗಳನ್ನು ಅದರ ಮೇಲೆ ಕಟ್ಟಿದ್ದಾರೆ, ಅದಕ್ಕೇ ನಿಮಗೆ ಗೊಂದಲ. ಖಾತೆ ತೆರೆಯದೆಯೂ ಪ್ರಾಜೆಕ್ಟ್ ಮಾಡಿ ನಮ್ಮ ಕಂಪ್ಯೂಟರಿನಲ್ಲೇ ಉಳಿಸಿಕೊಳ್ಳಬಹುದು. ಇಂಟರ್‌ನೆಟ್ ಇಲ್ಲದೆ ಓಡುವ ಆವೃತ್ತಿಯೂ ಇದೆ. ಸಣ್ಣ ಮಕ್ಕಳಿಗೆ ನಾನು ಖಾತೆ ಮಾಡಿಸುವುದೇ ಇಲ್ಲ.

ನೂರಿಪ್ಪತ್ತು

ತ್ರಿಕೋನದ ಕಥೆ ಹೇಳದೆ ಹೋಗಲಾರೆ, ನನ್ನ ಹೆಸರಿಗೇ ಅದು ಅಂಟಿಕೊಂಡಿದೆ.

5ನೇ ತರಗತಿಗೆ ಚೌಕ ಬರೆಸಿದೆ. 100 ಹೆಜ್ಜೆ, 90 ಡಿಗ್ರಿ, 4 ಸಲ. ಎಲ್ಲರಿಗೂ ಬಂತು. ಈಗ ಮೂರೂ ಬದಿ ಸಮ ಇರುವ ತ್ರಿಕೋನ ಎಂದೆ. "ಮೂಲೆ 60 ಡಿಗ್ರಿ, ನೀವೇ ಹೇಳಿಕೊಟ್ಟಿದ್ದೀರಿ" ಎಂದು ಇಡೀ ಕ್ಲಾಸು 60 ಹಾಕಿತು. ಬಂದದ್ದು ಬಾಯಿ ತೆರೆದ ಬಟ್ಟಲಿನ ಹಾಗೆ ಏನೋ ಒಂದು. ಅರ್ಧ ಷಟ್ಕೋನ. ಒಬ್ಬ ಕೈ ಎತ್ತಿ "ಸರ್, ಕಂಪ್ಯೂಟರ್ ಕೆಟ್ಟಿದೆ" ಎಂದ.

ಆಗ ನಾನು ಉತ್ತರ ಹೇಳಲಿಲ್ಲ. ಅವನನ್ನೇ ಎದ್ದು ನಡೆಯಲು ಹೇಳಿದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ತ್ರಿಕೋನ ಬರೆದು ಅದರ ಗೆರೆ ಹಿಡಿದು ನಡೆ ಎಂದೆ. ಮೂಲೆಗೆ ಬಂದು ತಿರುಗಬೇಕಾದಾಗ ನಿಂತುಬಿಟ್ಟ. "ತುಂಬಾ ತಿರುಗಬೇಕು ಸರ್." ಎಷ್ಟು? ಚೌಕಕ್ಕಿಂತ ಜಾಸ್ತಿ. ಅಷ್ಟು ಸಾಕಾಯಿತು. ಒಬ್ಬಳು 100 ಹಾಕಿದಳು, ಇನ್ನೊಬ್ಬ 130. ಕೊನೆಗೆ 120ಕ್ಕೆ ಬಾಯಿ ಮುಚ್ಚಿಕೊಂಡಿತು. ನಾವು ಪುಸ್ತಕದಲ್ಲಿ ಒಳಗಿನ ಮೂಲೆ ಅಳೆಯುತ್ತೇವೆ, ನಡೆಯುವವನು ಹೊರಗಿನ ಮೂಲೆ ತಿರುಗುತ್ತಾನೆ. ನಾನು ಹತ್ತು ವರ್ಷ ಗಣಿತ ಹೇಳಿಕೊಟ್ಟಿದ್ದೇನೆ. ಇದು ನನ್ನ ಮೈಗೆ ಹತ್ತಿದ್ದು ಆವತ್ತೇ.

ಮುಂದಿನ ವಾರ ಅದೇ ಹುಡುಗ ಐದು ಮೂಲೆಯ ನಕ್ಷತ್ರ ತಂದು ತೋರಿಸಿದ. 144, 5 ಸಲ. "360 ಆಗಬೇಕಿತ್ತಲ್ಲ, 720 ಆಯಿತು ಯಾಕೆ?" ಎಂದೆ. "ಎರಡು ಸುತ್ತು ಹಾಕುತ್ತದೆ ಸರ್, ನಡೆದು ನೋಡಿ." ನಡೆದು ನೋಡಿದೆ. ತಲೆ ಸುತ್ತಿತು, ಹುಡುಗ ಹೇಳಿದ್ದು ಸರಿ ಇತ್ತು.

(ಬೆಕ್ಕಿನ ಹಿಂದೆ ಗೆರೆ ಎಳೆಯುವ ಪೆನ್ ಬ್ಲಾಕ್‌ಗಳು ಮೊದಲೇ ಕಾಣುವುದಿಲ್ಲ. ಕೆಳಗೆ ಎಡಮೂಲೆಯ ಗುಂಡಿ ಒತ್ತಿ ಸೇರಿಸಿಕೊಳ್ಳಬೇಕು. ನನಗೆ ಅದು ಗೊತ್ತಾಗಲು ಒಂದು ಪೀರಿಯಡ್ ಹೋಯಿತು.)

ಎಂಟು ಬಿಟ್

ನೂರಿಪ್ಪತ್ತು ಅವರ ಕ್ಲಾಸಿಗೆ ನನ್ನ ಮಗನನ್ನು ಕಳಿಸುತ್ತೇನೆ. ಆದರೆ ಅಲ್ಲಿ ಕೆಲಸ ಮಾಡಿದ್ದು ಸೀಮೆಸುಣ್ಣ, ಆ್ಯಪ್ ಅಲ್ಲ. ಗಮನಿಸಿ.

ನೂರಿಪ್ಪತ್ತು

ಸೀಮೆಸುಣ್ಣ ಹತ್ತು ವರ್ಷದಿಂದ ನನ್ನ ಕೈಯಲ್ಲೇ ಇತ್ತು ಸರ್. ಬೆಕ್ಕು ಬಂದು "ನೀನು ತಪ್ಪು" ಎಂದು ತೋರಿಸುವ ತನಕ ಅದನ್ನು ನೆಲದ ಮೇಲೆ ಬಳಸಬೇಕೆಂದು ಹೊಳೆದಿರಲಿಲ್ಲ.

ವ್ಯಾಕರಣದ ಹುಳು

ಎಲ್ಲರೂ ಗಣಿತ ಹಿಡಿದುಕೊಂಡಿದ್ದೀರಿ. ಮಕ್ಕಳು ಎಡವುವುದು ಭಾಷೆಯಲ್ಲೂ ಹೌದು. ಟೀಚರ್ ಭಾಷೆ ಓದಿದವರು, ಅವರಿಗೆ ಇದು ಉಪಯೋಗ ಆಗಬಹುದು.

ಮನೆಯಲ್ಲಿ "ಮಳೆ ಬಂದರೆ ಬಟ್ಟೆ ಒಳಗೆ ತಾ" ಎಂದು ಮಗುವಿಗೆ ಹೇಳುತ್ತೇವೆ. ಅದರ ಅರ್ಥ ಏನು? ಇವತ್ತಿಡೀ ಒಂದು ಕಣ್ಣು ಆಕಾಶದ ಮೇಲಿರಲಿ, ಯಾವಾಗ ಬಂದರೂ ಸರಿ, ಓಡು. ಕಂಪ್ಯೂಟರಿನ "ಆದರೆ" ಹಾಗಲ್ಲ. ಆ ಸಾಲಿಗೆ ಬಂದಾಗ ಒಮ್ಮೆ ಕಿಟಕಿ ತೆರೆದು ನೋಡುತ್ತದೆ. ಮಳೆ ಇಲ್ಲ. ಮುಂದಕ್ಕೆ ಹೋಗುತ್ತದೆ. ಮತ್ತೆ ತಿರುಗಿ ನೋಡುವುದಿಲ್ಲ, ಬಟ್ಟೆ ನೆನೆದು ತೊಪ್ಪೆ ಆದರೂ.

ಅದಕ್ಕೇ ಮಕ್ಕಳು "ಅಂಚು ಮುಟ್ಟಿದರೆ ಶಬ್ದ ಮಾಡು" ಎಂದು ಬ್ಲಾಕ್ ಹಾಕಿ ಕಾಯುತ್ತಾರೆ. ಬೆಕ್ಕು ಅಂಚು ಮುಟ್ಟುತ್ತದೆ, ಶಬ್ದ ಇಲ್ಲ. ಮಗುವಿನ ತರ್ಕ ಸರಿಯೇ ಇದೆ, ಅದು ಕನ್ನಡದ "ಮುಟ್ಟಿದರೆ" ಎಂದುಕೊಂಡಿದೆ. ಅದನ್ನು "ಯಾವಾಗಲೂ" ಲೂಪಿನ ಒಳಗೆ ಇಟ್ಟರೆ ಮಾತ್ರ ನಮ್ಮ "ಬಂದರೆ" ಆಗುತ್ತದೆ. ಈ ಮಳೆಯ ಉದಾಹರಣೆ ಕೊಟ್ಟ ದಿನದಿಂದ ನನ್ನ ಮಕ್ಕಳು "ಒಂದ್ಸಲದ ಆದರೆ, ಯಾವಾಗಲೂ ಆದರೆ" ಎಂದು ಹೆಸರಿಟ್ಟುಕೊಂಡಿದ್ದಾರೆ.

"ಮತ್ತು" ಇನ್ನೂ ಕಿತಾಪತಿ. "ಕೆಂಪು ಮತ್ತು ನೀಲಿ ಚೆಂಡುಗಳನ್ನು ಎತ್ತಿಡು" ಎಂದರೆ ಮಗು ಎರಡೂ ಬಣ್ಣದವನ್ನು ಎತ್ತಿಡುತ್ತದೆ. ಕಂಪ್ಯೂಟರ್ ಒಂದೊಂದೇ ಚೆಂಡು ಹಿಡಿದು "ಇದು ಕೆಂಪು ಮತ್ತು ನೀಲಿಯಾ?" ಎಂದು ಕೇಳುತ್ತದೆ. ಒಂದೂ ಅಲ್ಲ. ಬುಟ್ಟಿ ಖಾಲಿ. ಅಲ್ಲಿ ಬೇಕಾದದ್ದು "ಅಥವಾ".

ಪುಟ್ಟಿ ಅಮ್ಮ

ಒಂದ್ಸಲದ ಆದರೆ! ನಮ್ಮ ಮನೆಯವರದ್ದು ಪೂರ್ತಿ ಅದೇ. ಒಮ್ಮೆ ಕಿಟಕಿ ನೋಡಿ ಮತ್ತೆ ಮಲಗುತ್ತಾರೆ.

ಅಜ್ಜನ ಮೌಸ್

ಹುಳು ಅವರೇ, ನಿರಾಕರಣೆಯ ಬ್ಲಾಕ್‌ಗೆ ಏನು ಹೇಳುತ್ತೀರಿ? "ಅಲ್ಲ"ವಾ, "ಇಲ್ಲ"ವಾ? ನನ್ನ ಕ್ಲಾಸಿನಲ್ಲಿ ಇದಕ್ಕೇ ಅರ್ಧ ಗಂಟೆ ಹೋಗಿತ್ತು.

ವ್ಯಾಕರಣದ ಹುಳು

"ಇದು ಕೆಂಪು" ಅನ್ನುವುದಕ್ಕೆ ಅಲ್ಲ, "ಮುಟ್ಟಿದೆ" ಅನ್ನುವುದಕ್ಕೆ ಇಲ್ಲ. ನಮ್ಮಲ್ಲಿ ಎರಡಿದೆ, ಬ್ಲಾಕ್ ಒಂದೇ ಇದೆ. ನಾನು "ಸುಳ್ಳಾದರೆ" ಎಂದು ಓದಿಸುತ್ತೇನೆ. ಎರಡಕ್ಕೂ ಕೂರುತ್ತದೆ.

ನಿದ್ದೆಗೆಟ್ಟ ಅಪ್ಪ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮಗಳಿಗೆ ಐದೂವರೆ. ಅಕ್ಷರ ಈಗಷ್ಟೇ ಕೂಡಿಸಿ ಓದುತ್ತಾಳೆ. ಅಣ್ಣ ಮಾಡುವುದನ್ನು ನೋಡಿ ತನಗೂ ಬೇಕು ಎಂದು ರಾತ್ರಿ ಹತ್ತಕ್ಕೆ ಅಳು. ಮನೆಯಲ್ಲಿ ಕಂಪ್ಯೂಟರ್ ಅಣ್ಣನ ಕೈಯಲ್ಲೇ ಇರುತ್ತದೆ, ಅವಳಿಗೆ ಉಳಿಯುವುದು ನನ್ನ ಫೋನ್. ಏನು ಕೊಡಲಿ?

ಹಸಿರು ಬಾವುಟ

ಸ್ಕ್ರ್ಯಾಚ್ ಇರುವುದೇ 8 ವರ್ಷ ದಾಟಿದವರಿಗೆ. 5ರಿಂದ 7ರವರಿಗೆ ಸ್ಕ್ರ್ಯಾಚ್ ಜೂನಿಯರ್ ಇದೆ. ದುಡ್ಡು ಬೇಡ. 2014ರಲ್ಲಿ ಬಂತು, ಮರೀನಾ ಬರ್ಸ್ ಅವರ ತಂಡ ಮತ್ತು ಎಂಐಟಿ ಸೇರಿ ಮಾಡಿದ್ದು. ಅದರ ಬ್ಲಾಕ್ ಮೇಲೆ ಅಕ್ಷರಗಳೇ ಇಲ್ಲ, ಬಾಣ ಮತ್ತು ಚಿತ್ರ ಮಾತ್ರ. ಲೆಕ್ಕವೂ ಮಕ್ಕಳ ಅಳತೆಗೆ ಇದೆ. 1 ಎಂದರೆ ಒಂದು ಚೌಕ ಮುಂದೆ. ಪೂರ್ತಿ ಒಂದು ಸುತ್ತು ತಿರುಗಲು 360 ಅಲ್ಲ, 12. ಗಡಿಯಾರದ ಹಾಗೆ. ಅಂಕದ ಹಾಗೆ ಬದಲಾಗುವ ಸಂಖ್ಯೆ ಇಟ್ಟುಕೊಳ್ಳುವ ವೇರಿಯಬಲ್ ಇಲ್ಲ, "ಆದರೆ" ಬ್ಲಾಕ್ ಇಲ್ಲ. "ಡಿಕ್ಕಿ ಹೊಡೆದಾಗ" ಶುರುವಾಗುವ ಒಂದು ಬ್ಲಾಕ್ ಇದೆ, ಆ ವಯಸ್ಸಿಗೆ ಅಷ್ಟು ಸಾಕು.

ಆದರೆ ಅದು ಟ್ಯಾಬ್ ಪರದೆಗೆ ಮಾಡಿದ್ದು. ಫೋನೇ ಗತಿ ಎಂದರೆ ಆಕ್ಟೋಸ್ಟುಡಿಯೊ ನೋಡಿ. ಸ್ಕ್ರ್ಯಾಚ್ ಹುಟ್ಟಿದ ಅದೇ ಲ್ಯಾಬಿನಿಂದ 2023ರಲ್ಲಿ ಬಂತು. ಇಂಟರ್‌ನೆಟ್ ಇಲ್ಲದೆಯೂ ಓಡುತ್ತದೆ. ಫೋನ್ ಅಲುಗಾಡಿಸಿದರೆ ಚಿತ್ರ ಕುಣಿಯುವ ಹಾಗೆ ಮಾಡಬಹುದು. ಓದಲು ಬಾರದ ಮಗುವಾದರೆ ನೀವು ಪಕ್ಕದಲ್ಲಿ ಕೂರಲೇಬೇಕು.

ಅಜ್ಜನ ಮೌಸ್

ಅಥವಾ ಏನೂ ಕೊಡಬೇಡಿ. ನೆಲದ ಮೇಲೆ ಚೌಕ ಬರೆಯಿರಿ, ನೀವೇ ರೋಬಾಟ್ ಆಗಿ. ಮಗಳು ಹೇಳಿದಷ್ಟೇ ಮಾಡಬೇಕು. "ಮುಂದೆ ಬಾ" ಎಂದರೆ ಎಷ್ಟು ಹೆಜ್ಜೆ ಎಂದು ಕೇಳಿ. ಹೇಳುವ ತನಕ ನಿಲ್ಲಬೇಡಿ, ಗೋಡೆಗೆ ಹೋಗಿ ಗುದ್ದಿಕೊಳ್ಳಿ. ಇದಕ್ಕಿಂತ ದೊಡ್ಡ ನಗು ಯಾವ ಆ್ಯಪಿನಲ್ಲೂ ಇಲ್ಲ. ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಜೊತೆಯವರು ಕಂಪ್ಯೂಟರೇ ಇಲ್ಲದ ಇಂಥ ಆಟಗಳನ್ನು ಎಷ್ಟೋ ವರ್ಷದಿಂದ ಕಟ್ಟುತ್ತಾ ಬಂದಿದ್ದಾರೆ. ಹುಡುಕಿ.

ಬೆರಳ ತುದಿ

ಇಲ್ಲಿ ಯಾರೂ ಎತ್ತದ ಒಂದು ಮಾತು. ನನ್ನ ಅಕ್ಕನ ಮಗನಿಗೆ ಕಣ್ಣು ಕಾಣುವುದಿಲ್ಲ. ಕ್ಲಾಸಿನಲ್ಲಿ ಎಲ್ಲರೂ ಬ್ಲಾಕ್ ಎಳೆಯುವಾಗ ಅವನು ಸುಮ್ಮನೆ ಕೂತು ಬರುತ್ತಾನೆ. ಪರದೆ ಓದುವ ಸಾಫ್ಟ್‌ವೇರಿಗೆ ಈ ಎಳೆದು ಬಿಡುವ ಆಟ ಸರಿಯಾಗಿ ಹೊಂದುವುದಿಲ್ಲ. ಆಶ್ಚರ್ಯ ಏನೆಂದರೆ ಅಕ್ಷರದಲ್ಲಿ ಬರೆಯುವ ಕೋಡ್ ಅವನಿಗೆ ಸುಲಭ, ಚಿತ್ರದ ಕೋಡ್ ಕಷ್ಟ. "ಎಲ್ಲರಿಗೂ ಸುಲಭ" ಅನ್ನುವುದು ಕಾಣುವವರ ಮಾತು.

ಹಸಿರು ಬಾವುಟ

ನಾನು ಬರೆಯುವಾಗ ಇದು ನೆನಪಾಗಲೇ ಇಲ್ಲ, ನಾಚಿಕೆ ಆಯಿತು. ಕೋಡ್ ಜಂಪರ್ ಎಂದು ಒಂದಿದೆ. ಮೈಕ್ರೋಸಾಫ್ಟ್ ಸಂಶೋಧಕರು ಶುರು ಮಾಡಿದ್ದು, ಆಮೇಲೆ ಅಂಧರಿಗಾಗಿ ಪುಸ್ತಕ ಮತ್ತು ಸಲಕರಣೆ ಮಾಡುವ ಅಮೆರಿಕದ ಎಪಿಎಚ್ ಸಂಸ್ಥೆಗೆ ಕೊಟ್ಟರು. ಬ್ಲಾಕ್ ಎಂದರೆ ಕೈಗೆ ಸಿಗುವ ಡಬ್ಬಿಗಳು. ವೈರಿನಲ್ಲಿ ಒಂದಕ್ಕೊಂದು ಜೋಡಿಸಿ, ಗುಂಡಿ ತಿರುಗಿಸಿದರೆ ಹಾಡು ಅಥವಾ ಕಥೆ ಕೇಳುತ್ತದೆ. ಕಾಣುವ ಮಕ್ಕಳೂ ಪಕ್ಕದಲ್ಲಿ ಕೂತು ಆಡಬಹುದು.

ಎಂಟು ಬಿಟ್

ಸರಿ, ನಾನೂ ಸ್ವಲ್ಪ ಕರಗಿದ್ದೇನೆ. ಆದರೂ ಒಂದು ತಕರಾರು ಉಳಿದಿದೆ. ಈ ಬ್ಲಾಕ್‌ಗಳು ಕೆಟ್ಟ ಅಭ್ಯಾಸ ಹತ್ತಿಸುತ್ತವೆ. 2011ರಲ್ಲಿ ಇಸ್ರೇಲಿನ ಸಂಶೋಧಕರು ಸ್ಕ್ರ್ಯಾಚ್ ಕಲಿತ ಮಕ್ಕಳ ಕೆಲಸ ನೋಡಿ ಬರೆದಿದ್ದರು. ಏನು ಮಾಡಬೇಕೆಂದು ಯೋಚಿಸುವ ಮುಂಚೆ ಬೇಕು ಅನ್ನಿಸಿದ ಬ್ಲಾಕ್‌ಗಳನ್ನೆಲ್ಲ ಎಳೆದು ಗುಡ್ಡೆ ಹಾಕಿಕೊಳ್ಳುತ್ತಾರೆ. ಪ್ರೋಗ್ರಾಮನ್ನು ಚೂರು ಚೂರಾಗಿ ಒಡೆದು ಪರದೆ ತುಂಬ ಹರಡುತ್ತಾರೆ. ಟೀಚರ್ ಶುರುವಿನಲ್ಲಿ ಬರೆದ ದೃಶ್ಯವೇ ಅದು. ಹೊಸದಾಗಿ ಕೆಲಸಕ್ಕೆ ಸೇರಿದವರಲ್ಲೂ ಇದನ್ನೇ ನೋಡುತ್ತೇನೆ. ಮೊದಲು ಅಂಟಿಸು, ಆಮೇಲೆ ಪ್ರಾರ್ಥಿಸು.

ಎರಡು ಕುರ್ಚಿ

ಹೊಸದಾಗಿ ಸೇರಿದವರೆಲ್ಲ ಸ್ಕ್ರ್ಯಾಚ್ ಕಲಿತವರಾ ಸರ್? ಕಾಪಿ ಹೊಡೆಯುವುದಕ್ಕೆ ಬ್ಲಾಕೇ ಬೇಕೆಂದಿಲ್ಲ.

ಇನ್ನೊಂದು ಅಧ್ಯಯನ ಹೇಳುತ್ತೇನೆ, ಅದು ನಿಮ್ಮ ಪರವೂ ಅಲ್ಲ ನನ್ನ ಪರವೂ ಅಲ್ಲ. ವೈಂಟ್ರಾಪ್ ಮತ್ತು ವಿಲೆನ್ಸ್ಕಿ ಎಂಬ ಸಂಶೋಧಕರು ಹೈಸ್ಕೂಲಿನ ಎರಡು ಕ್ಲಾಸು ಹೋಲಿಸಿದರು. ಒಂದಕ್ಕೆ ಬ್ಲಾಕ್, ಇನ್ನೊಂದಕ್ಕೆ ಅಕ್ಷರದ ಕೋಡ್. ಐದು ವಾರದ ಕೊನೆಗೆ ಬ್ಲಾಕಿನವರು ಮುಂದಿದ್ದರು. ಆಮೇಲೆ ಎರಡೂ ಕ್ಲಾಸಿಗೆ ಹತ್ತು ವಾರ ಜಾವಾ ಎಂಬ ಅಕ್ಷರದ ಕೋಡಿಂಗ್ ಭಾಷೆ ಹೇಳಿಕೊಟ್ಟರು. ಆ ಅಂತರ ಅಳಿಸಿ ಹೋಯಿತು. ಬ್ಲಾಕ್‌ನಿಂದ ಶುರು ಮಾಡಿದವರು ಹಿಂದೆಯೂ ಬೀಳಲಿಲ್ಲ, ಮುಂದೆಯೂ ಉಳಿಯಲಿಲ್ಲ. ಅವರು ದೊಡ್ಡ ಮಕ್ಕಳು ಅನ್ನುವುದು ನೆನಪಿರಲಿ. ನಾವು ಇಲ್ಲಿ ಎಂಟು ವರ್ಷದವರ ಬಗ್ಗೆ ಮಾತಾಡುತ್ತಿದ್ದೇವೆ. ಅರ್ಧವಿರಾಮ ಬಿಟ್ಟಿದ್ದಕ್ಕೆ ಇಡೀ ಪ್ರೋಗ್ರಾಂ ಬಿದ್ದರೆ ಅಲ್ಲಿಗೆ ಅವರ ಪೀರಿಯಡ್ ಮುಗಿಯಿತು.

ಬರೀ ಓದುಗ

ಹಾಗಾದರೆ ಪೈಥಾನ್ ಥರದ ಟೈಪ್ ಮಾಡುವ ಭಾಷೆ ಯಾವ ವಯಸ್ಸಿಗೆ?

ಎರಡು ಕುರ್ಚಿ

"ಬ್ಲಾಕ್ ಎಳೆಯುವುದು ಬೇಜಾರು, ಟೈಪ್ ಮಾಡಿದರೆ ಬೇಗ ಆಗುತ್ತಿತ್ತು" ಎಂದು ಮಗುವೇ ಗೊಣಗಿದ ದಿನ.

ಕೊನೆ ಬೆಂಚಿನ ಟೀಚರ್

ಎರಡು ವಾರ ಆದ ಮೇಲೆ ಬರುತ್ತಿದ್ದೇನೆ. ನಿಮ್ಮ ಮಾತುಗಳನ್ನೆಲ್ಲ ಕಾಗದಕ್ಕೆ ಬರೆದುಕೊಂಡು ಹೋಗಿದ್ದೆ.

"ಹೇಳಿ ಒತ್ತು" ನಿಯಮ ಮೊದಲ ದಿನ ಫ್ಲಾಪ್. ಎಲ್ಲರೂ "ಬೆಕ್ಕು ಓಡಾಡುತ್ತದೆ" ಎಂದರು, ಮತ್ತೇನೂ ಇಲ್ಲ. ಆಮೇಲೆ ನಾನು ಪ್ರಶ್ನೆ ಬದಲಿಸಿದೆ. ಬೆಕ್ಕು ಎಲ್ಲಿ ನಿಲ್ಲುತ್ತದೆ, ಪರದೆ ಮೇಲೆ ಬೆರಳಿಟ್ಟು ತೋರಿಸು ಎಂದೆ. ಆಗ ಜಗಳ ಶುರುವಾಯಿತು. ಬೆರಳಿಟ್ಟ ಮೇಲೆ ತಪ್ಪಿಸಿಕೊಳ್ಳಲು ಆಗುವುದಿಲ್ಲ ನೋಡಿ. ಒಬ್ಬಳು ಲೂಪಿನ ಕೆಳಗೆ ಬ್ಲಾಕ್ ಅಂಟಿಸಲು ಹೋಗಿ ಅಂಟಲಿಲ್ಲ ಎಂದು ಸಿಟ್ಟಾದಳು. ಪಕ್ಕದವನು ಹೇಳಿದ್ದು: "ಅದು ಯಾವಾಗಲೂ ಸುತ್ತುವುದು ಕಣೇ, ಮುಗಿದರೆ ತಾನೇ ಕೆಳಗೆ ಬರಲಿಕ್ಕೆ?" ಆ ಬ್ಲಾಕಿನ ತಳ ಯಾಕೆ ಚಪ್ಪಟೆ ಎಂದು ನನಗೂ ಆಗಲೇ ತಿಳಿದದ್ದು.

ಚೆಂಡಿನ ಹುಡುಗಿ 10 ತೆಗೆದು 3 ಹಾಕಿದಳು. ನಿಧಾನ ಆಯಿತು. ಆಮೇಲೆ ತಾನೇ 0 ಹಾಕಿ ನಿಲ್ಲಿಸಿದಳು. ಆಮೇಲೆ 0ಕ್ಕಿಂತ ಕಮ್ಮಿ ಹಾಕಲು ಬರುತ್ತದಾ ಎಂದು ಕೇಳಿದಳು. ಮೈನಸ್ ಇನ್ನೂ ಪಾಠ ಆಗಿಲ್ಲ. ಗುರುತು ತೋರಿಸಿದೆ ಅಷ್ಟೇ. ಚೆಂಡು ಹಿಂದಕ್ಕೆ ಹೋಯಿತು. ಇಡೀ ಕ್ಲಾಸು ಅಲ್ಲಿ ಬಂದು ನಿಂತಿತ್ತು.

ಇನ್ನು ನಾನು ದೂರಿದ ಆ ಬಣ್ಣದ ಹುಡುಗ. ನಿನ್ನೆ ಅವನ ಪಕ್ಕ ಕೂತು ನೋಡಿದೆ. ಮೂರು ವಾರದಿಂದ ಒಂದೇ ಬೆಕ್ಕಿಗೆ ಬಣ್ಣ ಬಳಿಯುತ್ತಿದ್ದಾನೆ ಅಂದುಕೊಂಡಿದ್ದೆನಲ್ಲ? ಒಂದಲ್ಲ. ಹನ್ನೊಂದು ವೇಷ, ಅಂದರೆ ಅದೇ ಬೆಕ್ಕಿನ ಹನ್ನೊಂದು ಚಿತ್ರ ಬರೆದಿದ್ದಾನೆ, ಪ್ರತಿಯೊಂದರಲ್ಲೂ ಕಾಲು ಒಂಚೂರು ಮುಂದೆ. ಸ್ಕ್ರ್ಯಾಚ್ ಕೊಡುವ ಬೆಕ್ಕಿಗೆ ಎರಡೇ ವೇಷ, ಅದು "ಕುಂಟುತ್ತದೆ" ಅಂತೆ. ಓಡಿಸಿದರೆ ಬರೀ ಮಸುಕು, ಅಷ್ಟು ವೇಗ. ನಾನು ಹಸಿರು ಬಾವುಟ ಅವರ 30ರ ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಧ್ಯೆ ಕಾಯುವ ಬ್ಲಾಕ್ ಹಾಕಿದ. 1 ಸೆಕೆಂಡು ಜಾಸ್ತಿ ಆಯಿತು. "ಒಂದಕ್ಕಿಂತ ಚಿಕ್ಕದು ಯಾವುದು?" ಎಂದ. 0.1 ಬರೆದು ತೋರಿಸಿದೆ. ಬೆಕ್ಕು ನಡೆಯಿತು. ನಿಜವಾಗಿ ನಡೆಯಿತು, ಬೆನ್ನು ಏರಿ ಇಳಿದು.

ಎಂಟು ವಾರ ಅವನ ಹಿಂದಿನಿಂದಲೇ ಹಾದು ಹೋಗುತ್ತಿದ್ದೆ. ಒಮ್ಮೆಯೂ ಕೂತು ನೋಡಿರಲಿಲ್ಲ.

ನೂರಿಪ್ಪತ್ತು

ಹನ್ನೊಂದು ವೇಷ! ಟೀಚರ್, ಅವನಿಗೆ ನಮ್ಮ ಕಡೆಯಿಂದ ಒಂದು ಚಪ್ಪಾಳೆ.

ಎಂಟು ಬಿಟ್

ಆ ಪ್ರಾಜೆಕ್ಟ್ ಫೈಲನ್ನು ಒಂದು ಪ್ರತಿ ಮಾಡಿಕೊಂಡು ಹೆಸರಿನ ಕೊನೆಯಲ್ಲಿ ಜಿಪ್ ಎಂದು ಬದಲಿಸಿ ಬಿಚ್ಚಿ ನೋಡಿ. ಅವನು ಬರೆದ ಒಂದೊಂದು ಚಿತ್ರವೂ ಬೇರೆ ಬೇರೆ ಫೈಲ್ ಆಗಿ ಸಿಗುತ್ತದೆ. ಪ್ರಿಂಟ್ ತೆಗೆದು ಗೋಡೆಗೆ ಸಾಲಾಗಿ ಅಂಟಿಸಬಹುದು. ಬಣ್ಣದ ಪುಸ್ತಕ ಎಂದದ್ದು ನಾನೇ, ಅದಕ್ಕೆ ಈ ಉಪಕಾರ.

ಪುಟ್ಟಿ ಅಮ್ಮ

ಅಯ್ಯೋ, ಆ ಬೆಕ್ಕು ನಡೆಯುವುದನ್ನು ನಮಗೂ ತೋರಿಸಿ ಟೀಚರ್. ಲಿಂಕ್ ಹಾಕಿ.

ಕೊನೆ ಬೆಂಚಿನ ಟೀಚರ್

ಕೇಳಿದೆ ಅವನನ್ನು. ಬೇಡವಂತೆ. ಬಾಲ ಇನ್ನೂ ಅಲ್ಲಾಡುತ್ತಿಲ್ಲವಂತೆ.